ಕವಿಯ ಹೆಸರು, ಸರ್ಕಾರದ ಖರ್ಚು

ಪ್ರಶ್ನೆ: ನಾನು ವಿಜಯಪುರದಲ್ಲಿ ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ. ಎರಡು ವರ್ಷಗಳಿಂದ ಟರ್ಕಿಯ ಧಾರಾವಾಹಿಗಳನ್ನು ನೋಡುತ್ತಾ ಆ ಭಾಷೆಯನ್ನು ಕಲಿಯುವ ಆಸೆ ಹುಟ್ಟಿದೆ. ‘ಯೂನುಸ್ ಎಮ್ರೆ ಸಂಸ್ಥೆ’ ಎಂಬ ಸರ್ಕಾರಿ ಸಂಸ್ಥೆಯೊಂದು ಬೇರೆ ಬೇರೆ ದೇಶಗಳಲ್ಲಿ ಟರ್ಕಿಶ್ ಕಲಿಸುತ್ತದೆ ಎಂದು ಓದಿದೆ. ನನ್ನ ಸೋದರಮಾವ ಮಾತ್ರ, ‘ಅದು ಭಾಷೆಯ ಹೆಸರಿನಲ್ಲಿ ಪ್ರಚಾರ ಮಾಡುವ ಅಂಗಡಿ, ಸಹವಾಸ ಬೇಡ’ ಎನ್ನುತ್ತಾರೆ. ಇದು ನಿಜವೇ ಸರ್? ಈ ಕೇಂದ್ರಗಳು ಏನು ಮಾಡುತ್ತವೆ, ಹಣ ಯಾರದ್ದು? ನಾನು ಕಲಿಯಬಹುದೇ?

ಉತ್ತರ: ನಿಮ್ಮ ಮಾವನವರಿಗೆ ಉತ್ತರ ಕೊಡುವ ಮೊದಲು ನಿಮ್ಮೂರಿನ ಶೆರ್ಜಾ ಬುರುಜನ್ನು ಒಮ್ಮೆ ಹತ್ತಿ ಇಳಿಯೋಣ. ಅಲ್ಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೀವು ಶಾಲೆಯ ಪ್ರವಾಸದಲ್ಲೇ ನೋಡಿರುತ್ತೀರಿ. ಅದನ್ನು ಎರಕ ಹೊಯ್ದವನ ಹೆಸರು ತೋಪಿನ ಮೇಲೆಯೇ ಇದೆ: ಮುಹಮ್ಮದ್ ಬಿನ್ ಹುಸೇನ್ ರೂಮಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕವಾಗಿ ಆಮೇಲೆ ವಿಜಯಪುರಕ್ಕೆ ಬಂದ ತೋಪು ಅದು. ‘ರೂಮಿ’ ಎಂದರೆ ರೂಮ್ ದೇಶದವನು. ಆ ಕಾಲದ ಮಾತಿನಲ್ಲಿ ರೂಮ್ ಎಂದರೆ ಅನತೋಲಿಯಾ, ಇವತ್ತಿನ ಟರ್ಕಿಯ ನೆಲ. ‘ತೋಪು’ ಎಂಬ ಮಾತೂ ಟರ್ಕಿಶ್ ಭಾಷೆಯದೇ (ಮಾವಿನ ತೋಪು ಬೇರೆ, ಅದಕ್ಕೂ ಇದಕ್ಕೂ ನಂಟಿಲ್ಲ). ಇಸ್ತಾನ್‌ಬುಲ್‌ನಲ್ಲಿ ಇಂದಿಗೂ ತೋಪ್‌ಹಾನೆ ಎಂಬ ಬಡಾವಣೆಯಿದೆ. ಹಿಂದೆ ಟರ್ಕಿಯನ್ನಾಳಿದ ಒಟ್ಟೊಮನ್ ಸುಲ್ತಾನರಿಗಾಗಿ ತೋಪು ಎರಕ ಹೊಯ್ಯುತ್ತಿದ್ದ ಕಾರ್ಖಾನೆಯ ಜಾಗ. ಬೇಗಂ, ಖಾನ್ ಎಂಬ ಮಾತುಗಳೂ ತುರ್ಕಿ ಮೂಲದವು. ‘ಉರ್ದು’ ಎಂಬ ಹೆಸರು ಕೂಡ, ಸೈನ್ಯ ಅಥವಾ ಪಾಳೆಯ ಎಂಬ ಅರ್ಥದ ‘ಓರ್ದು’ವಿನಿಂದ ಬಂದದ್ದು.

ಆ ರೂಮಿಯನ್ನು ದಖ್ಖನಿಗೆ ಯಾವ ಸಾಂಸ್ಕೃತಿಕ ಕೇಂದ್ರವೂ ಕಳುಹಿಸಿರಲಿಲ್ಲ. ಕೈಯಲ್ಲಿ ಕಸುಬಿತ್ತು, ಕೂಲಿ ಕೊಡುವ ಸುಲ್ತಾನರಿದ್ದರು, ಬಂದ. ಅವನ ಗಂಟಿನೊಳಗೆ ಒಂದಿಷ್ಟು ಮಾತುಗಳೂ ಸೇರಿಕೊಂಡು ಬಂದವು. ಭಾಷೆಗಳು ಬಹುಪಾಲು ಹೀಗೆ ಹೊಟ್ಟೆಪಾಡಿನ ಬೆನ್ನು ಹತ್ತಿಯೇ ಊರು ದಾಟುತ್ತವೆ. ಸರ್ಕಾರವೇ ಹಣ ಕೊಟ್ಟು ಭಾಷೆಯನ್ನು ಹೊರದೇಶಕ್ಕೆ ಕಳುಹಿಸುವುದು ಹೊಸ ಕಾಲದ ಪದ್ಧತಿ. ಫ್ರೆಂಚರ ಅಲಿಯಾನ್ಸ್ ಫ್ರಾನ್ಸೇಸ್ 1883ರದ್ದು, ಬ್ರಿಟಿಷ್ ಕೌನ್ಸಿಲ್ 1934ರದ್ದು, ಬೆಂಗಳೂರಿನವರು ಮ್ಯಾಕ್ಸ್ ಮುಲ್ಲರ್ ಭವನವೆಂದು ಕರೆಯುವ ಜರ್ಮನರ ಗಯಟೆ ಸಂಸ್ಥೆ 1951ರದ್ದು. ಸ್ಪೇನ್ 1991ರಲ್ಲಿ ಸರ್ವಾಂಟಿಸ್ ಹೆಸರಿನಲ್ಲಿ, ಚೀನಾ 2004ರಲ್ಲಿ ಕನ್ಫ್ಯೂಷಿಯಸ್ ಹೆಸರಿನಲ್ಲಿ ಅದೇ ದಾರಿ ಹಿಡಿದವು. ಟರ್ಕಿ ಈ ಸಾಲಿಗೆ ಬಂದದ್ದು ತಡವಾಗಿ. 2007ರ ಮೇ ತಿಂಗಳಲ್ಲಿ ಅದರ ಸಂಸತ್ತು 5653ನೆಯ ಸಂಖ್ಯೆಯ ಕಾನೂನಿನಿಂದ ಯೂನುಸ್ ಎಮ್ರೆ ಪ್ರತಿಷ್ಠಾನವನ್ನು ಸ್ಥಾಪಿಸಿತು. ಅದರ ಅಡಿಯಲ್ಲಿ ಸಂಸ್ಥೆ ಕೆಲಸ ಶುರು ಮಾಡಿದ್ದು 2009ರಲ್ಲಿ. ಕೇಂದ್ರ ಕಚೇರಿ ರಾಜಧಾನಿ ಅಂಕಾರಾದಲ್ಲಿದೆ. ಇಂದು 50ಕ್ಕೂ ಹೆಚ್ಚು ದೇಶಗಳಲ್ಲಿ ಅದರ ಕೇಂದ್ರಗಳಿವೆ.

ಹಣ ಯಾರದ್ದು ಎಂದು ಕೇಳಿದ್ದೀರಿ. ಕಾಗದದ ಮೇಲೆ ಪ್ರತಿಷ್ಠಾನ. ಕೈಚೀಲ ಮಾತ್ರ ಬಹುಮಟ್ಟಿಗೆ ಟರ್ಕಿ ಸರ್ಕಾರದ್ದು, ಆಡಳಿತದಲ್ಲಿ ಸಚಿವಾಲಯಗಳ ಮಾತು ನಡೆಯುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ, ಅವರೇ ಹೇಳಿಕೊಳ್ಳುತ್ತಾರೆ.

ಯೂನುಸ್ ಎಮ್ರೆ ಯಾರು ಎಂಬುದು ಇದಕ್ಕಿಂತ ಸ್ವಾರಸ್ಯದ ಸಂಗತಿ. ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಅನತೋಲಿಯಾದಲ್ಲಿ ಬಾಳಿ, ಸುಮಾರು 1320ರ ಹೊತ್ತಿಗೆ ತೀರಿಕೊಂಡ ಸೂಫಿ ಕವಿ. ಆಸ್ಥಾನದಲ್ಲಿ ಪರ್ಷಿಯನ್, ಮದರಸಾದಲ್ಲಿ ಅರೇಬಿಕ್ ಮೆರೆಯುತ್ತಿದ್ದ ಕಾಲದಲ್ಲಿ ಆತ ಹಾಡು ಕಟ್ಟಿದ್ದು ಹಳ್ಳಿಯವರ ಟರ್ಕಿಶ್‌ನಲ್ಲಿ. ಬಸವನ ಬಾಗೇವಾಡಿ ಇರುವ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶರಣರಿಗೂ ಅವನಿಗೂ ಚರಿತ್ರೆಯ ಸಂಬಂಧವೇನೂ ಇಲ್ಲ. ಆದರೂ ದೇವರ ಮಾತನ್ನು ಮನೆಯ ಮಾತಿನಲ್ಲಿ ಆಡಬಹುದು ಎಂಬ ಧೈರ್ಯ ಎರಡೂ ಕಡೆ ಒಂದೇ. ಅವನ ಸಮಾಧಿ ತಮ್ಮಲ್ಲಿದೆ ಎಂದು ಟರ್ಕಿಯ ಹಲವು ಊರುಗಳು ಜಗಳವಾಡುತ್ತವೆ. ಎಸ್ಕಿಶೆಹಿರ್ ಮತ್ತು ಕರಮಾನ್ ಕಡೆಯವರ ದನಿ ಎಲ್ಲರಿಗಿಂತ ದೊಡ್ಡದು.

ಇಂಥ ಸಂಸ್ಥೆಗಳಿಗೆಲ್ಲ ಸತ್ತು ಶತಮಾನಗಳಾದ ದೊಡ್ಡವರ ಹೆಸರನ್ನೇ ಇಡುತ್ತಾರೆ, ಅವರು ಎದ್ದು ಬಂದು ತಕರಾರು ಮಾಡುವುದಿಲ್ಲ. ಟರ್ಕಿಗೆ ಈ ಆಯ್ಕೆಯಲ್ಲಿ ಇನ್ನೊಂದು ಲಾಭವೂ ಇತ್ತು. ಆಧುನಿಕ ಟರ್ಕಿಯ ಸ್ಥಾಪಕ ಅತಾತುರ್ಕ್ 1928ರಲ್ಲಿ ಅರಬ್ಬಿ ಲಿಪಿಯನ್ನು ತೆಗೆದು ಲ್ಯಾಟಿನ್ ಅಕ್ಷರ ತಂದರು. 1932ರಲ್ಲಿ ಸ್ಥಾಪನೆಯಾದ ಭಾಷಾ ಸಂಘ ಅರೇಬಿಕ್, ಪರ್ಷಿಯನ್ ಪದಗಳನ್ನು ಹೆಕ್ಕಿ ಹೊರಗಿಟ್ಟು ಹೊಸ ಟರ್ಕಿಶ್ ಪದಗಳನ್ನು ಚಲಾವಣೆಗೆ ಬಿಟ್ಟಿತು. ಅದು ಎಷ್ಟು ಪರಿಣಾಮಕಾರಿಯಾಯಿತೆಂದರೆ, 1927ರಲ್ಲಿ ಸ್ವತಃ ಅತಾತುರ್ಕ್ ಆರು ದಿನ ನಿಂತು ಮಾಡಿದ ಭಾಷಣವನ್ನು ಇಂದಿನ ಟರ್ಕಿಯ ಹುಡುಗರು ಓದಬೇಕಾದರೆ ಹೊಸ ಟರ್ಕಿಶ್‌ಗೆ ಅನುವಾದಿಸಿ ಕೊಡಬೇಕು. ಏಳುನೂರು ವರ್ಷ ಹಿಂದಿನ ಯೂನುಸ್‌ನನ್ನು ಮಾತ್ರ ಅಲ್ಲಲ್ಲಿ ಒಂದು ಟಿಪ್ಪಣಿಯ ಆಸರೆಯಲ್ಲಿ ಹಾಗೆಯೇ ಓದಬಹುದು. ಅಚ್ಚ ಟರ್ಕಿಶ್ ಎಂಬ ಕಾರಣಕ್ಕೆ ಜಾತ್ಯತೀತವಾದಿಗಳಿಗೆ ಅವನು ಬೇಕು. ದೈವಭಕ್ತ ದರವೇಶಿ ಎಂಬ ಕಾರಣಕ್ಕೆ ಧಾರ್ಮಿಕರಿಗೂ ಬೇಕು. ಬೇರೆ ಯಾವ ಹೆಸರನ್ನು ಇಟ್ಟಿದ್ದರೂ ಟರ್ಕಿಯ ಅರ್ಧ ಜನ ಮುಖ ತಿರುಗಿಸುತ್ತಿದ್ದರು ಎಂದು ನನ್ನ ಅಂದಾಜು. ಸಂಸ್ಥೆ ಕಣ್ಣು ತೆರೆದ 2009ರಲ್ಲೇ ಹೊರಬಂದ 200 ಲೀರಾ ನೋಟಿನ ಮೇಲೂ ಅವನ ಚಿತ್ರವಿದೆ. ಲೋಕದ ಸಂಪತ್ತಿಗೆ ಬೆನ್ನು ತಿರುಗಿಸಿದ ದರವೇಶಿ ಈಗ ಆ ದೇಶದ ಅತಿ ದೊಡ್ಡ ನೋಟಿನಲ್ಲಿದ್ದಾನೆ.

ಇನ್ನು ಕೇಂದ್ರಗಳ ಒಳಗೆ ಏನು ನಡೆಯುತ್ತದೆ ಎಂಬ ವಿಷಯ. ಬೆನ್ನೆಲುಬು ಭಾಷಾ ತರಗತಿಗಳದ್ದೇ. ಯುರೋಪಿನ ಭಾಷಾ ಮಟ್ಟಗಳ ಪ್ರಕಾರ ಎ1ರಿಂದ ಮೇಲಕ್ಕೆ ಹೋಗುವ ಪಾಠಗಳು, ಅದಕ್ಕೆಂದೇ ಸಂಸ್ಥೆ ಸಿದ್ಧಪಡಿಸಿದ ‘ಯೆದಿ ಇಕ್ಲಿಮ್’ ಪಠ್ಯಮಾಲೆ, ಕೊನೆಗೆ ಓದು, ಬರಹ, ಕೇಳ್ಮೆ, ಮಾತು ನಾಲ್ಕನ್ನೂ ಅಳೆಯುವ ಟರ್ಕಿಶ್ ಪ್ರಾವೀಣ್ಯ ಪರೀಕ್ಷೆ. ವಿದೇಶಿ ವಿಶ್ವವಿದ್ಯಾಲಯಗಳ ತುರ್ಕಿ ಅಧ್ಯಯನ ವಿಭಾಗಗಳಿಗೆ ಅಧ್ಯಾಪಕರನ್ನೂ ಪುಸ್ತಕಗಳನ್ನೂ ಕಳುಹಿಸುವ ಕೆಲಸ ಮೊದಲು ಬೇರೊಂದು ಸರ್ಕಾರಿ ಸಂಸ್ಥೆಯ ಬಳಿ ಇತ್ತು. 2011ರಲ್ಲಿ ಇವರಿಗೆ ಬಂತು. ಬೇಸಿಗೆಯಲ್ಲಿ ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳನ್ನು ಟರ್ಕಿಗೆ ಕರೆಸಿಕೊಂಡು ಕಲಿಸುವ ಬೇಸಿಗೆ ಶಾಲೆಯೂ ಉಂಟು.

ಉಳಿದದ್ದು ಸಂಸ್ಕೃತಿಯ ಅಂಗಳ: ನೀರಿನ ಮೇಲೆ ಬಣ್ಣ ತೇಲಿಬಿಟ್ಟು ಕಾಗದಕ್ಕೆ ಎತ್ತಿಕೊಳ್ಳುವ ಎಬ್ರು ಕಲೆ, ಅರಬ್ಬಿ ಕೈಬರಹ, ಅಡುಗೆ, ಚಲನಚಿತ್ರ ಸಪ್ತಾಹ, ಸಂಗೀತ. ಮತ್ತೆ ತಪ್ಪದೆ ಟರ್ಕಿಶ್ ಕಾಫಿ. ಯುನೆಸ್ಕೊ ಕಾಫಿಯ ಸಂಪ್ರದಾಯವನ್ನು 2013ರಲ್ಲಿ, ಎಬ್ರುವನ್ನು 2014ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿದ್ದರಿಂದ ಇವೆರಡಕ್ಕೂ ಇನ್ನಷ್ಟು ಮೆರುಗು. ಸೋಸದೆ ಕೊಡುವ ಕಾಫಿಯಾದ್ದರಿಂದ ಚಿಕ್ಕಮಗಳೂರಿನ ಫಿಲ್ಟರ್ ಕಾಫಿ ಕುಡಿದು ಬೆಳೆದವರ ಗಂಟಲಿಗೆ ಮೊದಲ ಸಲ ಚರಟ ಸಿಗುವುದು ಖಂಡಿತ. ಆದರೆ ಟರ್ಕಿಯ ಮನೆಯಲ್ಲಿ, ಅಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಜನ ಕುಡಿಯುವುದು ಚಹಾ. ತಲೆಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಚಹಾ ಕುಡಿಯುವುದರಲ್ಲಿ ಅವರು ಜಗತ್ತಿನ ಮುಂಚೂಣಿಯಲ್ಲಿದ್ದಾರೆ. ರಿಜೆ ಕಡೆಯ ಚಹಾ ತೋಟಗಳಾದರೂ ಕಳೆದ ಶತಮಾನದವು. ಮನೆಯಲ್ಲಿ ಚಹಾ, ನೆಂಟರ ಮುಂದೆ ಕಾಫಿ. ಸಾಂಸ್ಕೃತಿಕ ಕೇಂದ್ರವೆಂಬುದು ಯಾವ ದೇಶದ್ದಾದರೂ ನಡುಮನೆ. ಅಡುಗೆಮನೆ ನೋಡಬೇಕಾದವರು ಒಳಗೆ ಹೋಗಲೇಬೇಕು.

ಮೊದಲ ಕೇಂದ್ರ ಎಲ್ಲಿ ತೆರೆಯಿತು ಎಂಬುದರಲ್ಲೇ ಈ ಸಂಸ್ಥೆಯ ಶಕ್ತಿಯೂ ತೊಡಕೂ ಕಾಣಿಸುತ್ತವೆ. ಅದು ತೆರೆದದ್ದು ಬೋಸ್ನಿಯಾದ ಸರಯೇವೊದಲ್ಲಿ, 2009ರ ಅಕ್ಟೋಬರ್‌ನಲ್ಲಿ. 1463ರಿಂದ 1878ರವರೆಗೆ ಒಟ್ಟೊಮನ್ನರ ಕೈಯಲ್ಲಿದ್ದ ನಾಡು ಅದು. ಊರಿನ ಹಳೆಯ ಪೇಟೆಯ ಹೆಸರು ಬಾಶ್‌ಚಾರ್ಶಿಯಾ. ಟರ್ಕಿಶ್‌ನಲ್ಲಿ ‘ಚಾರ್ಶಿ’ ಎಂದರೆ ಪೇಟೆ. ಕಾಫಿ ಕಾಸುವ ಹಿಡಿಪಾತ್ರೆಗೆ ಟರ್ಕಿಯಲ್ಲಿ ಜೆಜ್ವೆ, ಬೋಸ್ನಿಯಾದಲ್ಲಿ ಜೆಜ್ವಾ. ಆ ಪ್ರದೇಶದ ಸ್ಲಾವ್ ಭಾಷೆಗೆ ಟರ್ಕಿಶ್ ಮೂಲಕ ಬಂದ ಮಾತುಗಳನ್ನು ಪಟ್ಟಿ ಮಾಡಿದ ನಿಘಂಟಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪದಗಳಿವೆ. ಅಲ್ಲಿಯವರಿಗೆ ಟರ್ಕಿಶ್ ತರಗತಿ ಎಂದರೆ ಅಜ್ಜಿಯ ಪೆಟ್ಟಿಗೆ ತೆರೆದಂತೆ. ಮೋಸ್ತಾರ್, ಸ್ಕೋಪ್ಯೆ, ತಿರಾನಾ, ಪ್ರಿಷ್ಟಿನಾ, ಪ್ರಿಜ್ರೆನ್ ಎಂದು ಆಗ್ನೇಯ ಯುರೋಪಿನ ಈ ಬಾಲ್ಕನ್ ನಾಡುಗಳಲ್ಲಿ ಕೇಂದ್ರಗಳು ಬೇಗಬೇಗ ಹುಟ್ಟಿಕೊಂಡದ್ದಕ್ಕೆ ಇದೇ ಕಾರಣ. ಪ್ರಿಜ್ರೆನ್‌ನಲ್ಲಂತೂ ಟರ್ಕಿಶ್ ಮನೆಮಾತಾಗಿರುವ ಜನರಿದ್ದಾರೆ, ನಗರಾಡಳಿತದಲ್ಲಿ ಅದಕ್ಕೆ ಅಧಿಕೃತ ಸ್ಥಾನವೂ ಇದೆ. ಬೋಸ್ನಿಯಾದ ಶಾಲೆಗಳಲ್ಲಿ ಟರ್ಕಿಶ್ ಐಚ್ಛಿಕ ವಿಷಯವಾಯಿತು. ಬಾಲ್ಕನ್‌ನಲ್ಲಿ ನಶಿಸುತ್ತಿದ್ದ ಕರಕುಶಲ ಕಲೆಗಳನ್ನು ಕಲಿಸುವ ಯೋಜನೆಯೊಂದನ್ನೂ ಸಂಸ್ಥೆ ನಡೆಸಿತು. ನನ್ನ ಕಣ್ಣಿಗೆ ಅದು ಅವರು ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಒಂದು, ಏಕೆಂದರೆ ಅಲ್ಲಿ ಕಲಿತವರ ಕೈಗೆ ಒಂದು ಕಸುಬು ಸಿಗುತ್ತದೆ.

ಇನ್ನು ತೊಡಕು. ಅದೇ ತಿಂಗಳು, ಅದೇ ಸರಯೇವೊದಲ್ಲಿ, ಟರ್ಕಿಯ ಆಗಿನ ವಿದೇಶಾಂಗ ಸಚಿವ ಅಹ್ಮೆತ್ ದಾವುತೊಲು ಭಾಷಣ ಮಾಡಿ, ಒಟ್ಟೊಮನ್ ಶತಮಾನಗಳು ಬಾಲ್ಕನ್‌ನ ಯಶಸ್ಸಿನ ಕಾಲ, ಅದನ್ನು ಮತ್ತೆ ಕಟ್ಟಬೇಕು ಎಂಬ ಅರ್ಥದ ಮಾತನಾಡಿದರು. ಬೋಸ್ನಿಯಾದ ಮುಸ್ಲಿಮರಲ್ಲಿ ಹಲವರಿಗೆ ಅದು ಹಿತವಾಗಿ ಕೇಳಿಸಿರಬಹುದು. ಅಲ್ಲಿನ ಕ್ರೈಸ್ತ ಸರ್ಬರ ಕಿವಿಗೆ ಅದು ಬೇರೆಯೇ ಆಗಿ ಕೇಳಿಸಿತು: ಅವರ ಹಾಡುಗಳಲ್ಲಿ, ಶಾಲೆಯ ಪುಸ್ತಕಗಳಲ್ಲಿ ಒಟ್ಟೊಮನ್ನರದು ದಾಸ್ಯದ ಕಾಲ. ಒಬ್ಬ ಬಡಪಾಯಿ ಅಧ್ಯಾಪಕ ಸ್ವರ ಸಂಧಿಯ ಪಾಠ ಮಾಡಲು ಬಂದಿರುತ್ತಾನೆ. ಅವನ ಬೆನ್ನ ಹಿಂದೆ ಮಂತ್ರಿಯೊಬ್ಬರು ನಿಂತು ನಾನೂರು ವರ್ಷದ ಚರಿತ್ರೆಯನ್ನು ಹೊಗಳತೊಡಗಿದರೆ ಪಾಠ ಕೇಳುವವರು ಅನುಮಾನಪಡದೆ ಇರುತ್ತಾರೆಯೇ? ನಿಮ್ಮ ಮಾವನವರ ಮಾತಿನಲ್ಲಿ ತಿರುಳಿರುವುದು ಇಲ್ಲಿ.

ಆದರೆ ಅವರು, ಬಹಳ ಮಂದಿಯಂತೆ, ಟರ್ಕಿಯ ಬೇರೆ ಬೇರೆ ಕೈಗಳನ್ನು ಒಂದೇ ಎಂದು ಭಾವಿಸಿರಬಹುದು. 1992ರಲ್ಲಿ ಹುಟ್ಟಿದ ತಿಕಾ ಎಂಬುದು ಅಭಿವೃದ್ಧಿ ನೆರವಿನ ಸಂಸ್ಥೆ: ಹಳೆಯ ಮಸೀದಿ, ಸೇತುವೆ ದುರಸ್ತಿ, ಶಾಲೆ, ಆಸ್ಪತ್ರೆ ಅದರ ಕೆಲಸ. 2010ರಲ್ಲಿ ಬಂದ, ವಿದೇಶದ ತುರ್ಕರನ್ನು ನೋಡಿಕೊಳ್ಳುವ ಇಲಾಖೆ ವಿದ್ಯಾರ್ಥಿವೇತನ ಕೊಡುತ್ತದೆ. ಮಾರಿಫ್ ಪ್ರತಿಷ್ಠಾನ ಪೂರ್ಣಾವಧಿ ಶಾಲೆಗಳನ್ನು ನಡೆಸುತ್ತದೆ. ಸುದ್ದಿ, ಧಾರಾವಾಹಿಗಳ ಪ್ರಸಾರ ಸರ್ಕಾರಿ ವಾಹಿನಿ ಟಿ.ಆರ್.ಟಿ.ಯ ಕೆಲಸ. ಯೂನುಸ್ ಎಮ್ರೆ ಇವುಗಳ ನಡುವೆ ಭಾಷೆ, ಕಲೆಗಳ ಮೇಷ್ಟ್ರು.

ಮಾರಿಫ್ ಕತೆ ಸ್ವಲ್ಪ ಉದ್ದವಾದರೂ ಹೇಳಬೇಕು. ಟರ್ಕಿ ಸರ್ಕಾರ ಈ ಕ್ಷೇತ್ರಕ್ಕೆ ಇಳಿಯುವ ಮೊದಲೇ ಒಂದು ಖಾಸಗಿ ಜಾಲ ಅಲ್ಲಿತ್ತು. ಧರ್ಮಬೋಧಕ ಫೆತುಲ್ಲಾ ಗುಲೆನ್ ಅವರ ಅನುಯಾಯಿಗಳು 1990ರ ದಶಕದಲ್ಲಿ ಮಧ್ಯ ಏಷ್ಯಾದಿಂದ ಶುರುಮಾಡಿ ಆಫ್ರಿಕಾದವರೆಗೆ ಶಾಲೆಗಳನ್ನು ತೆರೆದರು. ವಿದೇಶಿ ಮಕ್ಕಳು ಟರ್ಕಿಶ್ ಹಾಡು ಹೇಳುವ ಒಲಿಂಪಿಯಾಡ್ ಎಂಬ ಉತ್ಸವವನ್ನು 2003ರಿಂದ ನಡೆಸಿದರು. ಟರ್ಕಿಯ ನಾಯಕರು ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ ಕಾಲವೂ ಇತ್ತು. 2013ರ ಕೊನೆಯಲ್ಲಿ ಎರ್ದೊವಾನ್ ಸರ್ಕಾರಕ್ಕೂ ಗುಲೆನ್ ಬಣಕ್ಕೂ ಬಹಿರಂಗ ಕದನವಾಯಿತು. 2016ರ ಜುಲೈ 15ರ ವಿಫಲ ಸೇನಾ ದಂಗೆಗೆ ಗುಲೆನ್ ಅವರೇ ಕಾರಣ ಎಂದು ಸರ್ಕಾರ ಹೇಳಿತು, ಅವರು ನಿರಾಕರಿಸಿದರು. ಅದೇ ವರ್ಷ ಸ್ಥಾಪನೆಯಾಗಿದ್ದ ಮಾರಿಫ್‌ಗೆ ಆ ಶಾಲೆಗಳನ್ನು ಒಂದೊಂದಾಗಿ ವಶಕ್ಕೆ ಪಡೆಯುವ ಕೆಲಸ ಬಿತ್ತು. ಪಾಕಿಸ್ತಾನವು 2016ರ ನವೆಂಬರ್‌ನಲ್ಲಿ ಅಲ್ಲಿನ ಪಾಕ್-ಟರ್ಕ್ ಶಾಲೆಗಳ ಟರ್ಕಿ ಅಧ್ಯಾಪಕರಿಗೆ ಕುಟುಂಬ ಸಮೇತ ದೇಶ ಬಿಡಲು ಹೇಳಿತು. ಮಕ್ಕಳು ಅವೇ, ಭಾಷೆ ಅದೇ. ಅಂಕಾರಾದಲ್ಲಿ ಗಾಳಿ ತಿರುಗಿತು ಎಂಬುದಕ್ಕೆ ಲಾಹೋರಿನ ಗಣಿತದ ಮೇಷ್ಟ್ರು ಪೆಟ್ಟಿಗೆ ಕಟ್ಟಬೇಕಾಯಿತು.

ಯುರೋಪಿನಲ್ಲಿ ಸಂಗತಿ ಬೇರೆ. 1961ರಲ್ಲಿ ಪಶ್ಚಿಮ ಜರ್ಮನಿ ಮತ್ತು ಟರ್ಕಿ ಕಾರ್ಮಿಕ ಒಪ್ಪಂದ ಮಾಡಿಕೊಂಡ ಮೇಲೆ ಹೋದವರ ಮೊಮ್ಮಕ್ಕಳು ಇಂದು ಬರ್ಲಿನ್, ಕಲೋನ್‌ಗಳಲ್ಲಿದ್ದಾರೆ. ಅವರ ಮಟ್ಟಿಗೆ ಟರ್ಕಿಶ್ ಪಾಠವೆಂದರೆ ವಿದೇಶಿ ಭಾಷೆಯ ಪಾಠವಲ್ಲ, ಅಜ್ಜ ಅಜ್ಜಿಯರ ಜೊತೆ ಮಾತಾಡುವ ದಾರಿ. ಅಲ್ಲಿನ ಸರ್ಕಾರಗಳಿಗೆ ಅದರಲ್ಲಿ ಅಂಕಾರಾದ ನೆರಳು ಕಾಣುತ್ತದೆ. ಟರ್ಕಿಯೂ ಸೇರಿದಂತೆ ಹಲವು ದೇಶಗಳು ಸಂಬಳ ಕೊಟ್ಟು ಕಳುಹಿಸುತ್ತಿದ್ದ ಅಧ್ಯಾಪಕರು ಶಾಲೆಗಳಲ್ಲಿ ಮಾತೃಭಾಷೆ ಕಲಿಸುವ ವ್ಯವಸ್ಥೆ ಫ್ರಾನ್ಸ್‌ನಲ್ಲಿ 1970ರ ದಶಕದಿಂದ ಇತ್ತು. ಅದನ್ನು ನಿಲ್ಲಿಸುವುದಾಗಿ ಅಧ್ಯಕ್ಷ ಮ್ಯಾಕ್ರೋನ್ 2020ರಲ್ಲಿ ಘೋಷಿಸಿದರು.

ಇನ್ನೊಂದು ಮಾತು, ಇದನ್ನು ಕೇಂದ್ರಗಳ ಕೈಪಿಡಿಗಳು ಹೇಳುವುದಿಲ್ಲ. ಮಾತೃಭಾಷೆಯಾಗಿ ಟರ್ಕಿಶ್ ಅಲ್ಲದೆ ಬೇರೆ ಭಾಷೆಯನ್ನು ಶಿಕ್ಷಣ ಸಂಸ್ಥೆಗಳಲ್ಲಿ ಕಲಿಸುವಂತಿಲ್ಲ ಎಂದು ಟರ್ಕಿಯ ಸಂವಿಧಾನದ 42ನೆಯ ವಿಧಿ ಇಂದಿಗೂ ಹೇಳುತ್ತದೆ. ಕುರ್ದಿಶ್ ಮಾತಾಡುವ ಲಕ್ಷಾಂತರ ಜನರಿರುವ ದೇಶ ಅದು. 1983ರ ಕಾನೂನೊಂದು ಆ ಭಾಷೆಯ ಪ್ರಕಟಣೆಗಳನ್ನೇ ತಡೆದಿತ್ತು. 1991ರಲ್ಲಿ ಅದು ರದ್ದಾಯಿತು. ಸರ್ಕಾರಿ ಟಿ.ವಿ.ಯ ಕುರ್ದಿಶ್ ವಾಹಿನಿ ಶುರುವಾದದ್ದು 2009ರ ಜನವರಿ 1ರಂದು, ಶಾಲೆಯಲ್ಲಿ ಐಚ್ಛಿಕ ವಿಷಯವಾಗಿ ಕುರ್ದಿಶ್ ಬಂದದ್ದು 2012ರಲ್ಲಿ. ಸರಯೇವೊದ ಮಗು ಟರ್ಕಿಶ್ ಕಲಿಯಲೆಂದು ಹಣ ಸುರಿಯುವ ಸರ್ಕಾರ, ಕುರ್ದರೇ ಹೆಚ್ಚಾಗಿರುವ ದಿಯಾರ್‌ಬಕಿರ್‌ನ ಮಗು ತನ್ನ ಮನೆಮಾತಿನಲ್ಲಿ ಓದು ಕಲಿಯುವುದಕ್ಕೆ ಇಷ್ಟು ಜಿಪುಣತನ ತೋರಿಸಿತು. ನಾನು ಇದನ್ನು ಟರ್ಕಿಯ ಗೆಳೆಯರ ಮುಂದೆ ಎತ್ತಿದಾಗಲೆಲ್ಲ ಚಹಾ ತಣ್ಣಗಾಗುವಷ್ಟು ಮೌನವಾಗುತ್ತದೆ.

ಈಗ ನಮ್ಮ ಕಡೆಗೆ ಬರೋಣ. ನಿಮಗೆ ಹತ್ತಿರದ ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ 2024ರ ಜನವರಿಯಲ್ಲಿ ಯೂನುಸ್ ಎಮ್ರೆ ಸಂಸ್ಥೆಯೊಂದಿಗೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡು ಟರ್ಕಿಶ್ ಡಿಪ್ಲೊಮಾ ಶುರುಮಾಡಿತ್ತು. ಟರ್ಕಿಯಿಂದ ಸಂದರ್ಶಕ ಅಧ್ಯಾಪಕರೂ ಬಂದಿದ್ದರು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ಟರ್ಕಿ ಪಾಕಿಸ್ತಾನದ ಪರ ನಿಂತಿತು. ಪಾಕಿಸ್ತಾನ ಹಾರಿಸಿದ ಡ್ರೋನ್‌ಗಳಲ್ಲಿ ಟರ್ಕಿಯವೂ ಇದ್ದವು ಎಂದು ಭಾರತ ಹೇಳಿತು. ಕೆಲವೇ ದಿನಗಳಲ್ಲಿ ಬೆಂಗಳೂರೂ ಸೇರಿ ಹಲವು ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ಟರ್ಕಿ ಮೂಲದ ಚೆಲೆಬಿ ಕಂಪನಿಯ ಭದ್ರತಾ ಅನುಮತಿ ರದ್ದಾಯಿತು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಟರ್ಕಿಯ ಇನೊನು ವಿಶ್ವವಿದ್ಯಾಲಯದೊಂದಿಗಿನ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಜಾಮಿಯಾ ಮಿಲ್ಲಿಯಾ ಕೂಡ ಟರ್ಕಿಯ ಸಂಸ್ಥೆಗಳೊಂದಿಗಿನ ನಂಟನ್ನು ತಡೆಹಿಡಿಯಿತು. ಹೈದರಾಬಾದಿನ ಒಪ್ಪಂದವೂ ಮುರಿಯಿತು. ಅಧ್ಯಾಪಕರು ಅಷ್ಟರಲ್ಲೇ ಊರಿಗೆ ಮರಳಿದ್ದರು.

ಸರ್ಕಾರಗಳ ನಿರ್ಧಾರ ಸರಿಯೋ ತಪ್ಪೋ ಎಂಬುದು ನನ್ನ ಕ್ಷೇತ್ರವಲ್ಲ. ಭಾಷೆ ಕಲಿಸುವವನಾಗಿ ನನಗೆ ಕಾಣುವುದು ಇಷ್ಟು: ಬೇರೆ ಸರ್ಕಾರ ಕಳುಹಿಸಿದ ಅಧ್ಯಾಪಕನ ಮೇಲೆ ನಿಂತ ತರಗತಿ ಆ ಸರ್ಕಾರದ ಮುಖ ನೋಡಿಕೊಂಡು ಬದುಕುತ್ತದೆ. ಅದೇ ವಿಶ್ವವಿದ್ಯಾಲಯ ತನ್ನ ಹಣದಲ್ಲಿ ನೇಮಿಸಿದ ಅಧ್ಯಾಪಕರಿದ್ದರೆ ಎರಡು ದೇಶಗಳು ಮುಖ ತಿರುಗಿಸಿಕೊಂಡ ದಿನವೂ ಪಾಠ ನಡೆಯುತ್ತದೆ. ಜಗಳವಾದ ದೇಶದ ಭಾಷೆ ಬಲ್ಲವರು ನಮ್ಮಲ್ಲಿ ಇರುವುದು ಇನ್ನೂ ಅಗತ್ಯ ಎಂದು ನನ್ನಂಥವರು ಹೇಳಿದರೆ ಸ್ವಾರ್ಥ ಎನ್ನಬಹುದು. ಸೈನ್ಯದವರೂ ಅದನ್ನೇ ಹೇಳುತ್ತಾರೆ.

ಹಾಗಾದರೆ ಈ ಕೇಂದ್ರಗಳಿಂದ ಟರ್ಕಿಶ್ ನಿಜಕ್ಕೂ ಹರಡಿತೇ?

ಹರಡಿದ ಕಡೆಗಳಲ್ಲಿ ಮುಂಚೆಯೇ ಒಂದು ಕಾರಣ ಇತ್ತು: ಬಾಲ್ಕನ್‌ನಲ್ಲಿ ನೆನಪು, ಆಫ್ರಿಕಾದಲ್ಲಿ ವಿದ್ಯಾರ್ಥಿವೇತನ, ಅರಬ್ ದೇಶಗಳಲ್ಲಿ 2008ರ ಸುಮಾರಿನಿಂದ ಮನೆಮನೆ ಹೊಕ್ಕ ಧಾರಾವಾಹಿಗಳು ಮತ್ತು ಇಸ್ತಾನ್‌ಬುಲ್ ಪ್ರವಾಸ. ಪಾಕಿಸ್ತಾನದ ಸರ್ಕಾರಿ ವಾಹಿನಿ 2020ರಲ್ಲಿ ಒಟ್ಟೊಮನ್ನರ ಮೂಲದ ಕತೆಯೊಂದನ್ನು ಉರ್ದುವಿನಲ್ಲಿ ತೋರಿಸಿದಾಗ ಆದ ಪ್ರಚಾರವನ್ನು ಹತ್ತು ಕಾಫಿ ಉತ್ಸವಗಳೂ ಮಾಡಲಾರವು. ಕೇಂದ್ರದ ಕೆಲಸ ಬಾಯಾರಿ ಬಂದವರಿಗೆ ನೀರು ಕೊಡುವುದು. ಬಾಯಾರಿಕೆ ಹುಟ್ಟಿಸುವುದು ಅದರಿಂದ ಆಗುವುದಿಲ್ಲ. ನೀವೇ ನೋಡಿ, ನಿಮಗೆ ಆಸೆ ಹುಟ್ಟಿಸಿದ್ದು ಸಂಸ್ಥೆಯಲ್ಲ, ಧಾರಾವಾಹಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಕಲಿಯಬಹುದೇ ಎಂದರೆ, ಧಾರಾಳವಾಗಿ ಕಲಿಯಿರಿ. ಕನ್ನಡಿಗರಿಗೆ ಈ ಭಾಷೆ ಇಂಗ್ಲಿಷ್ ಮಾತಾಡುವವರಿಗಿಂತ ಬೇಗ ಒಲಿಯುತ್ತದೆ, ಇದು ಉಬ್ಬಿಸುವ ಮಾತಲ್ಲ. ಕ್ರಿಯಾಪದ ಕೊನೆಗೆ ಬರುತ್ತದೆ. ಪ್ರತ್ಯಯಗಳು ಬಾಲದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ: ಎವ್ ಎಂದರೆ ಮನೆ, ಎವ್‌ಲೆರ್ ಎಂದರೆ ಮನೆಗಳು, ಎವ್‌ಲೆರ್‌ದೆನ್ ಎಂದರೆ ಮನೆಗಳಿಂದ. ‘ಗೆಲ್ದಿ’ ಎಂದರೆ ಬಂದ. ‘ಗೆಲ್ಮಿಶ್’ ಎಂದರೆ ಬಂದನಂತೆ. ಕಣ್ಣಾರೆ ಕಂಡದ್ದಕ್ಕೂ ಯಾರೋ ಹೇಳಿ ಕೇಳಿದ್ದಕ್ಕೂ ಇರುವ ಈ ವ್ಯತ್ಯಾಸವನ್ನು ಅಂಕಾರಾದ ತರಗತಿಯಲ್ಲಿ ನನ್ನ ಪಕ್ಕದ ಜರ್ಮನ್ ಹುಡುಗನಿಗೆ ವಾರಗಟ್ಟಲೆ ವಿವರಿಸಬೇಕಾಯಿತು. ನಾನು ‘ಅಂತೆ’ ಎಂದುಕೊಂಡು ಮುಂದಿನ ಪಾಠಕ್ಕೆ ಹೋದೆ. ನಾವು ‘ಎಂದು’ ಬಳಸುವ ಜಾಗದಲ್ಲಿ ಅವರು ‘ದಿಯೆ’ ಬಳಸುತ್ತಾರೆ. ನಾವು ಪುಸ್ತಕ ಗಿಸ್ತಕ, ಚಹಾ ಗಿಹಾ ಎಂದರೆ ಅವರು ಕಿತಾಪ್ ಮಿತಾಪ್, ಚಾಯ್ ಮಾಯ್ ಎನ್ನುತ್ತಾರೆ. ಇಂಥ ಹೋಲಿಕೆಗಳನ್ನು ನೋಡಿಯೇ ದ್ರಾವಿಡ ಭಾಷೆಗಳ ವಿದ್ವಾಂಸ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳನ್ನು ಆ ಕಡೆಯ ಭಾಷೆಗಳ ಗುಂಪಿನ ಜೊತೆ ಜೋಡಿಸಲು ಹೊರಟಿದ್ದರು. ಇಂದಿನ ಭಾಷಾಶಾಸ್ತ್ರ ಆ ನಂಟಸ್ತನವನ್ನು ಒಪ್ಪುವುದಿಲ್ಲ. ರೂಪ ಒಂದೇ, ರಕ್ತ ಬೇರೆ.

ಪದಗಳಲ್ಲೂ ಗುರುತಿನ ಮುಖಗಳು ಸಿಗುತ್ತವೆ. ಜವಾಬು ಅಲ್ಲಿ ಜೆವಾಪ್, ತಾರೀಖು ತಾರಿಹ್, ಸಾಬೂನು ಸಾಬುನ್, ಮೈದಾನ ಮೆಯ್ದಾನ್, ಹಾಜರ್ ಹಾಜಿರ್. ಇವು ಅರೇಬಿಕ್, ಪರ್ಷಿಯನ್ ಕಡೆಯಿಂದ ಎರಡೂ ಮನೆಗಳಿಗೆ ಬಂದ ನೆಂಟರು. ವಿಜಯಪುರದಲ್ಲಿ ದಖನಿ ಕಿವಿಗೆ ಬೀಳುತ್ತಾ ಬೆಳೆದವರಿಗೆ ಇನ್ನೂ ನೂರಾರು ಮಾತುಗಳು ಪುಕ್ಕಟೆ. ಕಷ್ಟವಾಗುವುದು ಸ್ವರಗಳ ಹೊಂದಾಣಿಕೆ: ಮುಂದಿನ ಸ್ವರ ಹಿಂದಿನದರ ಬಣ್ಣಕ್ಕೆ ತಿರುಗಬೇಕು, ಹಾಗಾಗಿ ಎವ್‌ಗೆ ಲೆರ್, ಕಿತಾಪ್‌ಗೆ ಲಾರ್. ತುಟಿ ದುಂಡಗೆ ಮಾಡಿ ಹೇಳುವ ಎರಡು ಸ್ವರಗಳು ನಮ್ಮಲ್ಲಿಲ್ಲ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುವುದೊಂದೇ ದಾರಿ. ಇಂಗ್ಲಿಷಿನ ‘ಸಿ’ ಅಕ್ಷರ ಕಂಡಲ್ಲೆಲ್ಲ ‘ಜ’ ಎಂದು ಓದುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಕೊಳ್ಳಿ.

ಸಂಸ್ಥೆಗೆ ಆನ್‌ಲೈನ್ ಕಲಿಕೆಯ ಜಾಲತಾಣವಿದೆ, ಅಲ್ಲಿ ಶುರುಮಾಡಿ. ಜೊತೆಗೆ ಇಂಗ್ಲಿಷ್ ಮೂಲಕ ಟರ್ಕಿಶ್ ಕಲಿಸುವ ಬೇರೆ ಯಾವುದಾದರೂ ವ್ಯಾಕರಣ ಪುಸ್ತಕವನ್ನೂ ಇಟ್ಟುಕೊಳ್ಳಿ; ಒಂದೇ ಮನೆಯ ಊಟ ಬೇಡ. ಮುಂದೆ ಓದುವ ಮನಸ್ಸಿದ್ದರೆ ಟರ್ಕಿ ಸರ್ಕಾರದ ವಿದ್ಯಾರ್ಥಿವೇತನದ ಅರ್ಜಿ ಸಾಮಾನ್ಯವಾಗಿ ಜನವರಿ, ಫೆಬ್ರುವರಿಯಲ್ಲಿ ತೆರೆಯುತ್ತದೆ. ಆಯ್ಕೆಯಾದವರಿಗೆ ಮೊದಲ ವರ್ಷ ಭಾಷೆಯ ಪಾಠವೇ ಇರುತ್ತದೆ. ಇದನ್ನು ಕೊಡುವುದು ಯೂನುಸ್ ಎಮ್ರೆ ಅಲ್ಲ, ನಾನು ಮೊದಲು ಹೇಳಿದ ಇಲಾಖೆ. ಅರ್ಜಿಗೆ ಹಣ ಕೇಳುವ ಮಧ್ಯವರ್ತಿಗಳು ಬಂದರೆ ಬಾಗಿಲು ಹಾಕಿ. ಎರಡೂ ದೇಶಗಳ ಸಂಬಂಧ ಅರ್ಜಿ ಹಾಕುವ ಹೊತ್ತಿಗೆ ಹೇಗಿದೆ ಎಂದು ನೋಡಿಕೊಂಡು, ಮಾವನವರ ಜೊತೆಯೂ ಕೂತು ಮಾತಾಡಿ ನಿರ್ಧರಿಸಿ. ಅರ್ಜಿಯಲ್ಲಿ ಟರ್ಕಿಶ್ ಏಕೆ ಕಲಿಯಬೇಕು ಎಂದು ಬರೆಯಬೇಕಾಗುತ್ತದೆ. ಧಾರಾವಾಹಿಯ ಹೆಸರು ಬರೆಯಬೇಡಿ, ಅದನ್ನು ಎಲ್ಲರೂ ಬರೆಯುತ್ತಾರೆ. ಶೆರ್ಜಾ ಬುರುಜಿನ ಮೇಲೆ ಹೆಸರು ಬಿಟ್ಟುಹೋದ ರೂಮಿಯ ಬಗ್ಗೆ ಒಂದು ಪುಟ ಬರೆಯಿರಿ.